ಪೊಟ್ಟಣದ ಮೇಲಿನ ಕಾಫಿ ರಾಶಿ

ತೋಟಪ್ಪ ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿಸಿದರು. ಹೊರಬಂದ ಮುಷ್ಟಿಯಲ್ಲಿ ಕಾಫಿ ಇರಲಿಲ್ಲ. ಇದ್ದದ್ದು ಕಾಫಿ ಸಿಪ್ಪೆಯ ಹೊಟ್ಟು.

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ. ಬಾಳ್ಳುಪೇಟೆಯಿಂದ ನಾಲ್ಕು ಕಿಲೋಮೀಟರ್ ಒಳಗಿನ ಅವರ ಎಸ್ಟೇಟು. ಮೂಟೆ ತುಂಬಲು ಬಂದ ಹನ್ನೊಂದು ಆಳುಗಳು ಖಾಲಿ ಚೀಲ ಹಿಡಿದು ಕಣದಲ್ಲಿ ನಿಂತಿದ್ದರು. ತೋಟಪ್ಪ ಇನ್ನೊಂದು ಕಡೆ ಕೈ ಹಾಕಿದರು. ಅಲ್ಲಿ ಕಾಫಿಯೇ ಬಂತು. ಹಿಂಬದಿಗೆ ಹೋಗಿ ಮತ್ತೆ ಕೈ ಹಾಕಿದರು. ಮೇಲೆ ನಾಲ್ಕು ಬೆರಳಿನಷ್ಟು ಒಣಗಿದ ಕಾಫಿ, ಅದರಡಿಯಲ್ಲಿ ಬರೀ ಹೊಟ್ಟು. ನಲವತ್ತು ಮೂಟೆಯ ರಾಶಿಯಲ್ಲಿ ಹನ್ನೆರಡು ಮೂಟೆಯಷ್ಟನ್ನು ಯಾರೋ ಹಿಂದಿನಿಂದ ಬಗೆದು, ಆ ಜಾಗಕ್ಕೆ ಹೊಟ್ಟು ತುರುಕಿದ್ದರು.

ರಾಶಿಯ ನೆತ್ತಿಯ ಮೇಲಿನ ಬೂದಿ ಮುದ್ರೆ ಮಾತ್ರ ಅಳಿಸಿರಲಿಲ್ಲ.

ಅದೇ ಮಾದಮ್ಮನಿಗೆ ಮುಳುವಾಯಿತು.

ಆ ಕಣದಲ್ಲಿ ರಾಶಿ ಮಾಡಿದ ಸಂಜೆ ಮೇಲೊಂದು ಮುದ್ರೆ ಹಾಕುವ ಕ್ರಮ ತೋಟಪ್ಪನವರ ತಂದೆಯ ಕಾಲದ್ದು. ಒಲೆಯ ಬೂದಿಯಲ್ಲಿ ಮೂರು ಅಡ್ಡ ಗೆರೆ. ಶಿವಭಕ್ತರ ಮನೆ, ಗೆರೆ ಮೂರೇ. ಯಾರಾದರೂ ರಾಶಿ ಮುಟ್ಟಿದರೆ ಕಾಳು ಜಾರಿ ಗೆರೆ ಒಡೆಯುತ್ತದೆ. ಇಪ್ಪತ್ತೆರಡು ವರ್ಷದಿಂದ ಆ ಗೆರೆ ಎಳೆಯುವುದು ಕಣದ ಕಾವಲಿನ ಮಾದಮ್ಮ. ಗೆರೆಯ ಕೆಳಗೆ ಅವಳದ್ದೇ ಒಂದು ಸೇರ್ಪಡೆ ಇತ್ತು. ಕಾಫಿ ಎಷ್ಟು ದಿನ ಬಿಸಿಲು ಕಂಡಿದೆಯೋ ಅಷ್ಟು ಚುಕ್ಕೆ. ಅವಳಿಗೆ ಓದು ಬರಹ ಬರುವುದಿಲ್ಲ. ಲೆಕ್ಕ ಬರೆಯುವ ರೈಟರ್ ಬಂದು ಕೇಳಿದಾಗ ಚುಕ್ಕೆ ಎಣಿಸಿ ಹೇಳುತ್ತಿದ್ದಳು. ಈ ರಾಶಿಯ ಮೇಲೆ ಹದಿಮೂರು ಚುಕ್ಕೆಗಳಿದ್ದವು.

ಮುದ್ರೆ ಒಡೆದಿಲ್ಲ. ಕಾಫಿ ಇಲ್ಲ. ಹಾಗಾದರೆ ಮುದ್ರೆ ಹಾಕುವವಳೇ ಕದ್ದಿರಬೇಕು. ಹನ್ನೊಂದು ಜನರ ಎದುರು ತೋಟಪ್ಪ ಅದನ್ನೇ ಹೇಳಿದರು.

"ಅನ್ನ ತಿಂದ ಮನೆ ಕಣೇ ಇದು. ಸೋಮವಾರದೊಳಗೆ ಲೈನ್ ಮನೆ ಖಾಲಿ ಮಾಡು."

* * *

ಸಬ್ ಇನ್‌ಸ್ಪೆಕ್ಟರ್ ಹೇಮಶ್ರೀ ಬಂದಾಗ ಹನ್ನೊಂದೂವರೆ. ಮಾರನಹಳ್ಳಿಯ ಹತ್ತಿರ ಲಾರಿ ಮಗುಚಿ ಬೆಳಗಿನ ನಾಲ್ಕರಿಂದ ಹೆದ್ದಾರಿಯಲ್ಲಿ ನಿಂತಿದ್ದಳು. ಅದಕ್ಕೆ ಮೊದಲು ಮೂರು ದಿನ ಆನೆ ಡ್ಯೂಟಿ. ಸಸ್ಯಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದವಳು. ಹೂವಿನ ಎಸಳು ಎಣಿಸುವ ಕೆಲಸವೇ ವಾಸಿಯಿತ್ತು ಎಂದು ಆಗಾಗ ಅನ್ನಿಸುತ್ತಿತ್ತು. ಈಗ ಅಷ್ಟು ಯೋಚಿಸುವುದಕ್ಕೂ ಸುಸ್ತು.

"ಯಾರೂ ನೆತ್ತಿ ಮುಟ್ಟಬೇಡಿ. ವೆಂಕಟೇಶ, ಮುದ್ರೆಯ ಫೋಟೋ ತಗೊಳ್ಳಿ. ಹತ್ತಿರದಿಂದ ಒಂದು, ದೂರದಿಂದ ಒಂದು."

ಹೆಡ್ ಕಾನ್‌ಸ್ಟೇಬಲ್ ವೆಂಕಟೇಶ ಫೋನು ತೆಗೆದ. "ಬೂದಿಗೂ ಫೋಟೋ ಬೇಕಂತೆ" ಎಂದು ಗೊಣಗುತ್ತಲೇ ನಾಲ್ಕು ತೆಗೆದ.

ಮಾದಮ್ಮ ಕಣದ ಅಂಚಿನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ.

"ಮುದ್ರೆ ನಿಮ್ಮದೇನಾ?"

"ನಂದಲ್ಲ ಕಣವ್ವ."

"ಇನ್ಯಾರ್ದು? ಇವಳನ್ನ ಬಿಟ್ರೆ ಇಲ್ಲಿ ಯಾರೂ ಬೂದಿ ಮುಟ್ಟಲ್ಲ ಮೇಡಂ," ತೋಟಪ್ಪ ನಡುವೆ ಬಾಯಿ ಹಾಕಿದರು.

"ನಾನು ಎಡಗೈಯೋಳು," ಮಾದಮ್ಮ ಹೇಳಿದಳು. "ಬಲಗಡೆಯಿಂದ ಎಡಕ್ಕೆ ಎಳೀತೀನಿ. ಸುರು ಮಾಡೋ ಕಡೆ ಬೂದಿ ದಪ್ಪ ಬೀಳ್ತೈತೆ. ಇಲ್ಲಿ ನೋಡಿ, ಎಡಗಡೆ ದಪ್ಪ ಐತೆ."

ಹೇಮಶ್ರೀ ನೋಡಿದಳು. ನಿಜ. ಮೂರು ಗೆರೆಯೂ ಎಡದಲ್ಲಿ ದಪ್ಪ, ಬಲಕ್ಕೆ ಹೋಗುತ್ತ ತೆಳು. ಮಾದಮ್ಮನ ಕೈಗೆ ಬೂದಿ ಕೊಟ್ಟು ನೆಲದ ಮೇಲೆ ಎಳೆಸಿದಳು. ಎಡಗೈಯಲ್ಲೇ ಎಳೆದಳು. ಬಲಕ್ಕೆ ದಪ್ಪ.

"ಕದಿಯೋಳಿಗೆ ಬಲಗೈಯಲ್ಲಿ ಎಳೆಯೋಕೆ ಏನು ಕಷ್ಟ?" ಎಂದರು ತೋಟಪ್ಪ.

ಅದೂ ಸರಿಯೇ. ಇದು ಸುಳಿವು ಅಷ್ಟೇ, ಪುರಾವೆ ಅಲ್ಲ.

ರಾಶಿ ಮಾಡಿದ್ದು ಬುಧವಾರ ಸಂಜೆ. ಮುದ್ರೆ ಬಿದ್ದ ಕೂಡಲೇ ಮೇಲೆ ಟಾರ್ಪಾಲು ಬಿತ್ತು. ಬುಧವಾರ ರಾತ್ರಿಯಿಂದ ಶುಕ್ರವಾರದವರೆಗೆ ಪಕ್ಕದ ತೋಟದಲ್ಲಿ ಆನೆ ಹಿಂಡು. ಅರಣ್ಯ ಇಲಾಖೆಯ ಸಂದೇಶ ಎಲ್ಲರ ಫೋನಿಗೂ ಬಂದಿತ್ತು. ಸಂಜೆ ನಾಲ್ಕರಿಂದ ಬೆಳಿಗ್ಗೆ ಒಂಬತ್ತರವರೆಗೆ ಯಾರೂ ಹೊರಗೆ ಬರಬಾರದು. ಮಾದಮ್ಮನನ್ನೂ ಸೇರಿಸಿ, ಸಾಲುಮನೆಗಳಲ್ಲಿರುವ ಆಳುಗಳು, ಲೈನಿನವರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಟಾರ್ಪಾಲನ್ನು ಯಾರೂ ಎತ್ತಿ ನೋಡಿರಲಿಲ್ಲ.

ಅಷ್ಟರಲ್ಲಿ ಒಂದು ಬೈಕು ಬಂದು ನಿಂತಿತು. ತೋಟಪ್ಪನವರ ತಂಗಿಯ ಮಗ ಚಂದನ್. ಬಾಳ್ಳುಪೇಟೆಯಲ್ಲಿ ಕಾಫಿ ಪುಡಿ ಮಾಡಿ ಮಾರುವವನು. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ.

"ಮಾವ, ಕಂಪ್ಲೇಂಟು ಗಿಂಪ್ಲೇಂಟು ಬ್ಯಾಡ. ವಯಸ್ಸಾದೋಳು. ಮನೆ ಬಿಡಿಸಿ, ಅಷ್ಟಕ್ಕೆ ಬಿಟ್ಬುಡಿ."

"ಬಿಡೋದಾ? ಹನ್ನೆರಡು ಮೂಟೆ ಕಣೋ!"

ತೋಟಪ್ಪ ದೂರು ಬರೆದುಕೊಟ್ಟರು.

* * *

ಮೊದಲ ಅನುಮಾನ ರೈಟರ್ ಕೃಷ್ಣಪ್ಪನ ಮೇಲೆ ಹೋಯಿತು. ತೋಟದ ಲೆಕ್ಕ ಬರೆಯುವವನು. ವಾರದ ಹಿಂದೆ ಗೊಬ್ಬರಕ್ಕೆಂದು ಒಂದು ಲೋಡು ಕಾಫಿ ಹೊಟ್ಟು ತರಿಸಿದ್ದು ಅವನೇ.

"ಗೊಬ್ಬರದ ಗುಂಡಿಗೆ ಹಾಕ್ಸಿದೀನಿ ಮೇಡಂ. ಬೇಕಾದ್ರೆ ಬನ್ನಿ ನೋಡಿ. ನಾನು ಕದ್ದಿದ್ರೆ ನಾನೇ ಹೊಟ್ಟು ತರಿಸ್ತಿದ್ನಾ? ಅಷ್ಟು ದಡ್ಡನಾ ನಾನು?"

"ದಡ್ಡರೇ ಜಾಸ್ತಿ ಸಿಕ್ಕಿಬೀಳೋದು ಮಾರಾಯ," ಎಂದ ವೆಂಕಟೇಶ.

ಗುಂಡಿಯ ಹೊಟ್ಟು ಕಪ್ಪಗಾಗಿ, ಒದ್ದೆಯಾಗಿ, ಬಿಳಿ ಬೂಷ್ಟು ಹಿಡಿದಿತ್ತು. ರಾಶಿಯೊಳಗಿನದು ಗರಿಗರಿ, ಕಂದು ಬಣ್ಣ. ಮಿಲ್ಲಿನಿಂದ ಬಂದು ನಾಲ್ಕೈದು ದಿನವೂ ಆಗಿರಲಿಕ್ಕಿಲ್ಲ. ಹೇಮಶ್ರೀ ಎರಡನ್ನೂ ಬೇರೆ ಬೇರೆ ಕವರಿಗೆ ಹಾಕಿ ಚೀಟಿ ಅಂಟಿಸಿದಳು.

"ಗುರುವಾರ, ಶುಕ್ರವಾರ ಏನಾದ್ರೂ ಸದ್ದು ಕೇಳ್ತಾ?"

ಕೃಷ್ಣಪ್ಪ ಯೋಚಿಸಿದ. "ಗುರುವಾರ ಬೆಳಿಗ್ಗೆ ಆರರ ಹೊತ್ತಿಗೆ ಒಂದು ಗಾಡಿ ಸದ್ದು ಕೇಳ್ತು. ಮಂಜು ಬೇರೆ. ಅರಣ್ಯ ಇಲಾಖೆ ಜೀಪು ಆನೆ ನೋಡೋಕೆ ಬಂದೈತೆ ಅನ್ಕಂಡೆ."

ಅರಣ್ಯ ಇಲಾಖೆಯವರು ಆ ಬೆಳಿಗ್ಗೆ ಆ ರಸ್ತೆಗೆ ಬಂದಿರಲಿಲ್ಲ.

ಬಾಳ್ಳುಪೇಟೆ ಸುತ್ತ ಕಾಫಿ ಸುಲಿಯುವ ಮಿಲ್ಲುಗಳು ಮೂರು. ಮೂರರಲ್ಲೂ ಹೊಟ್ಟನ್ನು ಯಾರು ಕೇಳಿದರೂ ಕೊಡುತ್ತಾರೆ. ಎರಡು ದಿನ ಮಿಲ್ಲಿಂದ ಮಿಲ್ಲಿಗೆ ತಿರುಗಿದ್ದಕ್ಕೆ ಸಿಕ್ಕಿದ್ದು ಹೊಟ್ಟಿನ ಧೂಳಿಗೆ ಬಂದ ಸೀನು ಮಾತ್ರ.

ಸೋಮವಾರ ಹೇಮಶ್ರೀ ತೋಟಪ್ಪನವರಿಗೆ ಫೋನು ಮಾಡಿ, ತನಿಖೆ ಮುಗಿಯುವವರೆಗೆ ಮಾದಮ್ಮನನ್ನು ಮನೆ ಬಿಡಿಸಬೇಡಿ ಎಂದಳು. ಅವರು ಗೊಣಗುತ್ತ ಒಪ್ಪಿದರು. ಆದರೆ ಕಣದ ಕೆಲಸ ಕೊಡಲಿಲ್ಲ. ಲೈನಿನವರು ಅವಳ ಜೊತೆ ನೀರು ಹಿಡಿಯುವುದನ್ನೂ ಬಿಟ್ಟರು.

ಮುಂದಿನ ವಾರ ಮೇಲಧಿಕಾರಿಯ ಫೋನು ಬಂತು.

"ಏನ್ರೀ ಅದು, ಒಂದು ಕಾಫಿ ಕಳ್ಳತನ. ಮುದುಕಿನ ಕೂರಿಸಿ ಗಟ್ಟಿಯಾಗಿ ಕೇಳಿದ್ರೆ ಮುಗೀತು. ಬರೋ ಸೋಮವಾರ ಅರೆಸ್ಟ್ ತೋರ್ಸಿ, ಫೈಲು ಕಳ್ಸಿ."

"ಆಯ್ತು ಸಾರ್," ಎಂದಳು ಹೇಮಶ್ರೀ. ಬೇರೆ ಏನನ್ನಾದರೂ ಹೇಳಲು ಅವಳ ಕೈಯಲ್ಲಿ ಏನೂ ಇರಲಿಲ್ಲ.

* * *

ಶುಕ್ರವಾರ ಸ್ಟೇಷನ್ನಿನಲ್ಲಿ ಕಾಫಿ ಪುಡಿ ಮುಗಿದಿತ್ತು. ವೆಂಕಟೇಶ ಬಸ್ ಸ್ಟ್ಯಾಂಡಿನ ಹತ್ತಿರದಿಂದ ಹೊಸದೊಂದು ಪೊಟ್ಟಣ ತಂದ. ಅದರ ಮೇಲೆ ಕಾಫಿ ಕಣದಲ್ಲಿ ನಿಂತ ಅಜ್ಜಿಯ ಚಿತ್ರ.

"ನೋಡಿ ಮೇಡಂ, ಈ ಅಜ್ಜಿನ. ಎಪ್ಪತ್ತು ವರ್ಷದ ಮುಖ, ಹದಿನೆಂಟರ ಹುಡುಗಿ ಕೈ. ಕಣದಲ್ಲಿ ಕೆಲ್ಸ ಮಾಡೋಕೆ ಮುತ್ತಿನ ಓಲೆ ಹಾಕ್ಕೊಂಡು ಬಂದವಳೆ. ಹಿಂದ್ಗಡೆ ಹಿಮದ ಬೆಟ್ಟ! ಸಕಲೇಶಪುರದಲ್ಲಿ ಹಿಮ ಯಾವಾಗ ಬಿತ್ತು?"

"ಎಐ ಚಿತ್ರ," ಎಂದಳು ಹೇಮಶ್ರೀ, ತಲೆ ಎತ್ತದೆ. ಈಗ ಎಲ್ಲ ಪೊಟ್ಟಣದ ಮೇಲೂ ಅವೇ. ಹೋದ ತಿಂಗಳು ಒಂದು ಹೋಂಸ್ಟೇಯ ಜಗಳ ಬಿಡಿಸಿದ್ದಳು. ಜಾಹೀರಾತಿನ ಚಿತ್ರದಲ್ಲಿ ಕೋಣೆಯ ಕಿಟಕಿಯಾಚೆ ಜಲಪಾತವಿತ್ತು. ಬಂದವರು ಜಲಪಾತ ಎಲ್ಲಿ ಎಂದು ಮಾಲೀಕನ ಕಾಲರ್ ಹಿಡಿದಿದ್ದರು.

"ಪಕ್ಕದಲ್ಲಿ ಗಿಡ ನೋಡಿ. ಕಾಫಿ ಹಣ್ಣು ದ್ರಾಕ್ಷಿ ಥರ ಜೋತಾಡ್ತಾವೆ."

ಅದಕ್ಕೆ ಅವಳ ತಲೆ ಎದ್ದಿತು. ಸಸ್ಯಶಾಸ್ತ್ರದ ಅಭ್ಯಾಸ ಬಿಡುವಂಥದ್ದಲ್ಲ. ಕಾಫಿ ಹಣ್ಣು ರೆಂಬೆಗೇ ಅಂಟಿಕೊಂಡು ಗೊಂಚಲಾಗುತ್ತದೆ, ಜೋತುಬೀಳುವುದಿಲ್ಲ. ಚಿತ್ರದ ಗಿಡ ತಪ್ಪು. ಎಲೆ ತಪ್ಪು. ಬೆಟ್ಟ ತಪ್ಪು. ಅಜ್ಜಿಯಂತೂ ಎಲ್ಲೂ ಇಲ್ಲದವಳು.

ಆದರೆ ಕಾಫಿ ರಾಶಿ ಸರಿಯಾಗಿತ್ತು.

ಕಾಳು ಜಾರುವ ಇಳಿಜಾರು ಸರಿ. ಬಿಸಿಲಿಗೆ ಕಪ್ಪಾದ, ಸ್ವಲ್ಪ ಕೆಂಪುಳಿದ ಬಣ್ಣ ಸರಿ. ನೆತ್ತಿಯ ಮೇಲೆ ಬೆಳಕು ಬಿದ್ದ ಹಾಗೆ ಮೂರು ಬಿಳಿ ಗೆರೆ. ಕೆಳಗೆ ಸಾಲಾಗಿ ಬಿಳಿ ಚುಕ್ಕೆ.

ಅವಳು ಪೊಟ್ಟಣವನ್ನು ಕಿಟಕಿಗೆ ಹಿಡಿದಳು. ಗೆರೆ ಬಲಕ್ಕೆ ದಪ್ಪ. ಎಡಕ್ಕೆ ತೆಳು.

"ವೆಂಕಟೇಶ, ಕಣದಲ್ಲಿ ತೆಗೆದ ಫೋಟೋ ತೆಗೀರಿ."

ಪೊಲೀಸರ ಫೋಟೋದಲ್ಲಿ ಗೆರೆ ಎಡಕ್ಕೆ ದಪ್ಪ.

"ಬೇರೆ ಎಸ್ಟೇಟಲ್ಲೂ ಹಿಂಗೆ ಬೂದಿ ಹಾಕ್ತಾರಾ?"

"ಗೆರೆ ಅಲ್ಲೊಂದು ಇಲ್ಲೊಂದು ಕಡೆ ಹಾಕ್ತಾರೆ ಮೇಡಂ. ಚುಕ್ಕೆ ಎಲ್ಲೂ ಇಲ್ಲ. ಅದು ಮಾದಮ್ಮಂದೇ ಲೆಕ್ಕ."

ಹೇಮಶ್ರೀ ಚುಕ್ಕೆ ಎಣಿಸಿದಳು. ಹತ್ತೋ ಹನ್ನೊಂದೋ. ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು. ಯಂತ್ರಕ್ಕೆ ಎಣಿಕೆ ಗೊತ್ತಿಲ್ಲ. ಚಿತ್ರವನ್ನು ಎಡಬಲ ತಿರುಗಿಸಿದ್ದರೂ ತಿರುಗಿಸಿರಬಹುದು. ಇದನ್ನು ನಂಬಿ ಯಾರನ್ನೂ ಹಿಡಿಯುವಂತಿಲ್ಲ. ಯಂತ್ರಕ್ಕೆ ಕೊಟ್ಟ ಮೂಲ ಬೇಕು.

ಪೊಟ್ಟಣದ ಹಿಂದೆ ತಯಾರಕರ ಹೆಸರಿತ್ತು. ಓದಿ ವೆಂಕಟೇಶನ ಕೈಗೆ ಕೊಟ್ಟಳು. ಅವನ ನಗು ನಿಂತಿತು.

* * *

ಲೇಬಲ್ ಮಾಡಿಕೊಟ್ಟವನು ಸಿದ್ದು. ಸಕಲೇಶಪುರದಲ್ಲಿ ಅವನ ಫ್ಲೆಕ್ಸ್ ಅಂಗಡಿ. ಗೋಡೆ ತುಂಬ ಮಾದರಿಗಳು. ಜೇನಿನ ಬಾಟಲಿಗೆ ಎಂಟು ಕಾಲಿನ ಜೇನುಹುಳು. ಹೋಟೆಲಿನ ಬೋರ್ಡಿಗೆ ಚಪ್ಪಲಿಯಷ್ಟು ದಪ್ಪದ ಅಕ್ಕಿರೊಟ್ಟಿ.

"ಅಜ್ಜಿ ಲೇಬಲ್ಲಾ? ಸೂಪರ್ ಬಂದೈತೆ ಅಲ್ವಾ ಮೇಡಂ?"

"ಹೇಗೆ ಮಾಡಿದ್ರಿ?"

"ಮೊದ್ಲು ಎಐಗೆ ಬರೀ ಮಾತಲ್ಲಿ ಹೇಳಿ ಮಾಡ್ಸಿದ್ದೆ. ಕಾಫಿ ರಾಶಿ ಕೊಡು ಅಂದ್ರೆ ಕಡ್ಲೆಕಾಯಿ ರಾಶಿ ಥರ ಕೊಡ್ತು. ಚಂದನ್ ಅಣ್ಣ ಅದನ್ನೇ ಇಂಟರ್ನೆಟ್ಟಿಗೆ ಹಾಕ್ಬುಟ್ರು. ಕೆಲವು ಗಿರಾಕಿಗಳು ಉಗಿದ್ರಂತೆ, ಇದು ಸುಳ್ಳು ರಾಶಿ, ನಿಜವಾದ್ದು ತೋರ್ಸಿ ಅಂತ. ಅದಕ್ಕೆ ನಾನು, ಒಂದು ನಿಜವಾದ ರಾಶಿ ಫೋಟೋ ಕೊಡಿ, ಅದರ ಮೇಲೆ ಅಜ್ಜಿ, ಬೆಟ್ಟ ಎಲ್ಲ ಮಾಡ್ಸಿಕೊಡ್ತೀನಿ ಅಂದೆ."

"ಕೊಟ್ರಾ?"

"ಆವತ್ತೇ ಕಳ್ಸಿದ್ರು."

"ವಾಟ್ಸಾಪಲ್ಲಿ?"

"ಹೂಂ. ಆದ್ರೆ ಡಾಕ್ಯುಮೆಂಟ್ ಆಗಿ. ಫೋಟೋ ಆಗಿ ಕಳ್ಸಿದ್ರೆ ಪ್ರಿಂಟು ಮಂಕಾಗ್ತದೆ. ಎಲ್ರಿಗೂ ಹಂಗೇ ಹೇಳ್ತೀನಿ ನಾನು."

ಹೇಮಶ್ರೀಗೆ ಆ ವಾರದಲ್ಲಿ ಮೊದಲ ಬಾರಿ ಸ್ವಲ್ಪ ಎಚ್ಚರವಾದಂತಾಯಿತು. ಹಾಗೆ ಕಳಿಸಿದ ಫೈಲಿನಲ್ಲಿ ಫೋಟೋ ತೆಗೆದ ದಿನ ಮತ್ತು ಗಂಟೆ ಅಳಿಸಿಹೋಗುವುದಿಲ್ಲ.

ಸಿದ್ದು ಫೈಲು ತೆರೆದ. ಪರದೆಯ ಮೇಲೆ ಅಜ್ಜಿ ಇರಲಿಲ್ಲ, ಹಿಮದ ಬೆಟ್ಟ ಇರಲಿಲ್ಲ. ಮಂಜು, ಅರ್ಧ ಮಡಚಿದ ನೀಲಿ ಟಾರ್ಪಾಲು, ಕಾಫಿ ರಾಶಿ. ಮೂರು ಗೆರೆ, ಬಲಕ್ಕೆ ದಪ್ಪ. ಅವಳು ಪೆನ್ನಿನ ತುದಿ ಇಟ್ಟು ಚುಕ್ಕೆ ಎಣಿಸಿದಳು. ಹದಿಮೂರು. ಇನ್ನೊಂದು ಸಲ ಎಣಿಸಿದಳು. ಹದಿಮೂರೇ.

ತೆಗೆದ ಸಮಯ: ಗುರುವಾರ, ಬೆಳಿಗ್ಗೆ ಆರು ಇಪ್ಪತ್ತು.

"ಏನಾದ್ರೂ ತಪ್ಪಾಯ್ತಾ ಮೇಡಂ? ನಾನು ಬರೀ ಅಜ್ಜಿ ಮಾಡ್ದೋನು."

"ನಿಮ್ಮಿಂದ ಏನೂ ಆಗಿಲ್ಲ. ಈ ಕಂಪ್ಯೂಟರನ್ನೂ ಫೋನನ್ನೂ ಜಪ್ತಿ ಮಾಡ್ಬೇಕಾಗ್ತದೆ, ಅಷ್ಟೇ."

"ಅಯ್ಯೋ, ನಾಳೆ ಎರಡು ಮದುವೆ ಬ್ಯಾನರ್ ಐತೆ ಮೇಡಂ!"

* * *

ಶನಿವಾರ ಬೆಳಿಗ್ಗೆ ಎಂಟಕ್ಕೆ, ಹಾಜರಿಯ ಹೊತ್ತಿಗೆ, ಹೇಮಶ್ರೀ ಕಣಕ್ಕೆ ಬಂದಳು. ಅದೇ ಹನ್ನೊಂದು ಆಳುಗಳು ಸಾಲಾಗಿ ನಿಂತಿದ್ದರು. ಮಾದಮ್ಮನಿಗೂ ಬರಲು ಹೇಳಿ ಕಳಿಸಿದ್ದಳು. ಚಂದನ್‌ನನ್ನು ವೆಂಕಟೇಶ ಜೀಪಿನಲ್ಲಿ ಕರೆತಂದ.

"ಒಳಗೆ ಬನ್ನಿ ಮೇಡಂ, ಕಾಫಿ ಮಾಡ್ಸಿದೀನಿ," ಎಂದರು ತೋಟಪ್ಪ. "ಆಳುಗಳ ಮುಂದೆ ಯಾಕೆ?"

"ಮಾದಮ್ಮನಿಗೆ ಹೇಳಿದ್ದು ಇವರ ಮುಂದೆ ಅಲ್ವಾ? ಇದೂ ಇಲ್ಲೇ ಆಗಲಿ."

ಪೊಟ್ಟಣವನ್ನು ಚಂದನ್ ಕೈಗೆ ಕೊಟ್ಟಳು. "ಈ ರಾಶಿ ಎಲ್ಲಿಯದು?"

ಚಂದನ್ ನಕ್ಕ. "ಎಐ ಮೇಡಂ. ಎಲ್ಲೂ ಇಲ್ಲದ್ದು. ಮಿಷನ್ನು ಮಾಡಿದ್ದು."

"ಅಜ್ಜಿ ಮಿಷನ್ನು ಮಾಡಿದ್ದು. ರಾಶಿ ನೀವು ಕೊಟ್ಟಿದ್ದು."

ಮೂಲ ಫೋಟೋದ ದೊಡ್ಡ ಪ್ರಿಂಟು ತೆಗೆದು ಮಾದಮ್ಮನ ಎದುರು ಹಿಡಿದಳು. "ಇದು ಯಾರ ಮುದ್ರೆ?"

ಮಾದಮ್ಮ ಬಗ್ಗಿ ನೋಡಿದಳು. "ನಂದೇ. ಬುಧವಾರದ್ದು. ಹದಿಮೂರು ಬಿಸಿಲು."

ಹೇಮಶ್ರೀ ಪೊಲೀಸರ ಫೋಟೋವನ್ನು ಪಕ್ಕದಲ್ಲಿ ಹಿಡಿದಳು. ದನಿ ಏರಿಸಲಿಲ್ಲ. ಏರಿಸುವ ಶಕ್ತಿಯೂ ಇರಲಿಲ್ಲ.

"ತೋಟಪ್ಪನವರೇ, ನೋಡಿ. ಇದು ಮಾದಮ್ಮ ಹಾಕಿದ ಮುದ್ರೆ, ಬಲಕ್ಕೆ ದಪ್ಪ. ಇದು ಶನಿವಾರ ನಾವು ಕಂಡ ಮುದ್ರೆ, ಎಡಕ್ಕೆ ದಪ್ಪ. ಒಂದೇ ರಾಶಿ, ಎರಡು ಕೈ. ಮಾದಮ್ಮ ತನ್ನ ಮುದ್ರೆಯನ್ನ ತಾನೇ ಮತ್ತೆ ಹಾಕೋದಕ್ಕೆ ಫೋಟೋ ನೋಡ್ಬೇಕಾಗಿಲ್ಲ. ಬೇರೆಯವರಿಗೆ ಬೇಕು. ಹಿಂದಿನಿಂದ ಬಗೆದ್ರೆ ನೆತ್ತಿ ಕುಸೀತದೆ, ಗೆರೆ ಒಡೀತದೆ. ಗೆರೆ ಎಷ್ಟು ಉದ್ದ, ಚುಕ್ಕೆ ಎಷ್ಟು ಅಂತ ನೆನಪಿಟ್ಟುಕೊಳ್ಳೋದು ಕಷ್ಟ. ಅದಕ್ಕೇ ಕದಿಯೋ ಮೊದಲು ಕಳ್ಳ ಫೋಟೋ ತೆಗೆದ. ಕದ್ದಾದ ಮೇಲೆ ಅದನ್ನ ನೋಡ್ಕೊಂಡು ಹೊಸ ಮುದ್ರೆ ಎಳೆದ. ಎಲ್ಲ ಸರಿಯಾಗಿ ಎಳೆದ. ಕೈ ಮಾತ್ರ ಬಲಗೈ."

ಹೇಮಶ್ರೀ ಮೂಲ ಫೋಟೋದಲ್ಲಿನ ಟಾರ್ಪಾಲಿನ ಮೇಲೆ ಬೆರಳಿಟ್ಟಳು.

"ಬುಧವಾರ ಸಂಜೆ ಮುದ್ರೆ ಬಿದ್ದ ಕೂಡ್ಲೆ ಟಾರ್ಪಾಲು ಮುಚ್ಚಿದ್ರು. ಈ ಫೋಟೋದಲ್ಲಿ ಟಾರ್ಪಾಲು ಮಡಚಿದೆ. ಸಮಯ ಗುರುವಾರ ಬೆಳಿಗ್ಗೆ ಆರು ಇಪ್ಪತ್ತು. ಕೃಷ್ಣಪ್ಪ ಗಾಡಿ ಸದ್ದು ಕೇಳಿದ ಹೊತ್ತು. ಊರೆಲ್ಲ ಆನೆಗೆ ಹೆದರಿ ಒಳಗಿತ್ತು. ಫೋಟೋ ಬಂದಿದ್ದು ಚಂದನ್ ಅವರ ನಂಬರಿಂದ. ನಿನ್ನೆ ಸಂಜೆ, ಅವರು ಊರಲ್ಲಿಲ್ಲದಾಗ, ಅವರ ಗೋಡೌನಲ್ಲಿ ಹೊಟ್ಟಿನ ಹಿಂದೆ ಏಳು ಮೂಟೆ ಸಿಕ್ಕಿದೆ. ಮಿಕ್ಕಿದ್ದು ಹುರಿದು ಪುಡಿಯಾಗಿದೆ. ಪಿಕಪ್ ಡ್ರೈವರ್ ಎಲ್ಲ ಹೇಳಿದಾನೆ. ಬರುವಾಗ ಹೊಟ್ಟು ತಂದ್ರು, ಹೋಗುವಾಗ ಕಾಫಿ ತಗೊಂಡು ಹೋದ್ರು."

ಚಂದನ್ ಪೊಟ್ಟಣವನ್ನೇ ನೋಡುತ್ತಿದ್ದ.

"ಮೊದ್ಲಿನ ಆ ಚಿತ್ರಗಳು ಹಾಕಿದ್ಮೇಲೆ ಆರ್ಡರ್ ಮೇಲೆ ಆರ್ಡರ್ ಬಂತು," ಎಂದ ಕೊನೆಗೆ. "ನಿಮ್ಮ ತೋಟದ್ದೇ ಕಾಫಿ ಬೇಕು ಅಂತಾರೆ. ನಂಗೆಲ್ಲೈತೆ ತೋಟ? ಚಿತ್ರದಲ್ಲಿತ್ತು ಅಷ್ಟೇ. ಈ ರೇಟಲ್ಲಿ ಕಾಫಿ ತಗೊಂಡ್ರೆ ಏನೂ ಉಳಿಯಲ್ಲ."

"ಫೋಟೋ ಯಾಕಪ್ಪ ಕೊಟ್ಟೆ?" ವೆಂಕಟೇಶನಿಗೆ ತಡೆಯಲಾಗಲಿಲ್ಲ. "ಕದ್ದ ರಾಶಿನೇ ಪೊಟ್ಟಣದ ಮೇಲೆ ಅಚ್ಚು ಹಾಕ್ಸಿದ ಕಳ್ಳನ್ನ ನಾನು ಸರ್ವೀಸಲ್ಲೇ ನೋಡಿಲ್ಲ."

"ಸಿದ್ದು ಆವತ್ತೇ ಬೇಕು ಅಂದ. ಫೋನಲ್ಲಿ ಬೇರೆ ಯಾವ ರಾಶಿದೂ ಇರ್ಲಿಲ್ಲ. ಮಿಷನ್ನು ಎಲ್ಲಾನೂ ಬದಲಾಯಿಸ್ಬುಡ್ತದೆ, ಯಾರ ಕಣ ಅಂತ ಯಾರಿಗೂ ಗೊತ್ತಾಗಲ್ಲ ಅನ್ಕಂಡೆ."

ತೋಟಪ್ಪ ಕಣದ ಕಟ್ಟೆಯ ಮೇಲೆ ಕೂತುಬಿಟ್ಟರು.

"ಮೇಡಂ," ಎಂದರು. ದನಿ ತಗ್ಗಿತ್ತು. "ತಂಗಿ ಮಗ. ಮನೆ ವಿಷಯ. ಕಂಪ್ಲೇಂಟು ವಾಪಸ್ ತಗತೀನಿ. ಕಾಫಿ ಹೋದ್ರೆ ಹೋಗ್ಲಿ. ಮಾದಮ್ಮ ಇಲ್ಲೇ ಇರ್ಲಿ, ಕೆಲ್ಸಕ್ಕೂ ಬರ್ಲಿ. ಅವಳದ್ದೇನೂ ತಪ್ಪಿಲ್ಲ ಅಂತ ಆಯ್ತಲ್ಲ."

"ಎಫ್‌ಐಆರ್ ಆಗಿದೆ. ವಾಪಸ್ ಬಿಡೋದು ನನ್ನ ಕೈಲಿಲ್ಲ, ಕೋರ್ಟು ನೋಡ್ತದೆ. ಆದ್ರೆ ಸಾಕ್ಷಿಗಳು ಬರದೆ ಹೋದ್ರೆ ಕೇಸು ತಾನಾಗೇ ಬಿದ್ದುಹೋಗ್ತದೆ. ಅದು ನಿಮಗೂ ಗೊತ್ತು."

ತೋಟಪ್ಪ ಮಾದಮ್ಮನ ಕಡೆ ತಿರುಗಿದರು. ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಹಾಗೆ ಬೇಡುವವರಂತೆ ನೋಡಿರಲಿಲ್ಲ.

"ಮಾದಮ್ಮ, ಆಗಿದ್ದು ಆಗೋಯ್ತು. ನಾಳೆಯಿಂದ ಕಣಕ್ಕೆ ಬಾ. ಕೂಲಿನೂ ಜಾಸ್ತಿ ಮಾಡ್ತೀನಿ."

ಮಾದಮ್ಮ ಸಾಲಿನಲ್ಲಿ ನಿಂತಿದ್ದವರನ್ನು ಒಬ್ಬೊಬ್ಬರಾಗಿ ನೋಡಿದಳು. ಕೆಲವರು ಕಣ್ಣು ತಪ್ಪಿಸಿದರು. ಆಮೇಲೆ ಹೇಮಶ್ರೀಯ ಹತ್ತಿರ ಬಂದಳು.

"ಅವ್ವ, ಕಾಗದದಲ್ಲಿ ನನ್ನೆಸ್ರು ಎಲ್ಲೈತೆ?"

ಹೇಮಶ್ರೀ ಫೈಲು ಬಿಚ್ಚಿ ಬೆರಳಿಟ್ಟು ತೋರಿಸಿದಳು. "ಇಲ್ಲಿ. ಸಾಕ್ಷಿ, ನಂಬರ್ ಒಂದು."

"ಕಳ್ಳಿ ಅಂತ ಇಲ್ವಲ್ಲ?"

"ಇಲ್ಲ."

"ಕೋರ್ಟಿಗೆ ಎಷ್ಟು ಸಲ ಬರ್ಬೇಕು?"

ಹೇಮಶ್ರೀ ಸುಳ್ಳು ಹೇಳಲಿಲ್ಲ. "ಐದಾರು ಸಲ ಆಗ್ಬಹುದು. ಬಂದು ಕಾದು, ವಾಯಿದೆ ಹಾಕಿಸ್ಕೊಂಡು ವಾಪಸ್ ಬರ್ಬೇಕಾಗ್ತದೆ. ವರ್ಷಗಟ್ಟಲೆ ಎಳೀತದೆ. ಅಷ್ಟರಲ್ಲಿ ಈ ಮನೆಯವರೇ ನಿಮ್ಮನ್ನ ಮನೆ ಬಿಡಿಸ್ಲೂಬಹುದು."

ಮಾದಮ್ಮ ತೋಟಪ್ಪನವರಿಗೆ ಕೇಳುವಂತೆ, ಹನ್ನೊಂದು ಜನರಿಗೂ ಕೇಳುವಂತೆ ಹೇಳಿದಳು.

"ಬತ್ತೀನಿ ಕಣವ್ವ. ಎಷ್ಟು ಸಲ ಕರೆದ್ರೂ ಬತ್ತೀನಿ."